ಪುಂಡಿಪಲ್ಯದ ಹಸಿರು, ಜೋಳದ ರೊಟ್ಟಿಯ ಬಿಳುಪು: ಊಟವನ್ನು ಚಿತ್ರಿಸುವವರ ಚರ್ಚೆ

ಬಣ್ಣದ ಬಟ್ಟಲು, ಕೊಪ್ಪಳ

ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯ ದಿನನಿತ್ಯದ ಊಟವನ್ನೇ ವಸ್ತುವಾಗಿಟ್ಟುಕೊಂಡು ಜಲವರ್ಣದಲ್ಲಿ ಒಂದು ಚಿತ್ರಮಾಲೆಯನ್ನು ಆರಂಭಿಸಿದ್ದೇನೆ. ಹಬ್ಬದ ಎಲೆಯನ್ನಾಗಲಿ ಮದುವೆಯ ಪಂಕ್ತಿಯನ್ನಾಗಲಿ ಬರೆಯುವ ಉದ್ದೇಶವಿಲ್ಲ. ಮಧ್ಯಾಹ್ನದ ತಾಟಿನಲ್ಲಿ ಬರುವ ಜೋಳದ ರೊಟ್ಟಿ, ಪುಂಡಿ ಎಂಬ ಹುಳಿ ಸೊಪ್ಪಿನ ಪುಂಡಿಪಲ್ಯ, ಬದನೆಕಾಯಿಯ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಹಸಿಯಾಗಿಯೇ ತಿನ್ನುವ ಹಕ್ಕರಕಿ ಸೊಪ್ಪು ಒಂದು ಹಿಡಿ, ಗುದ್ದಿದ ಉಳ್ಳಾಗಡ್ಡಿ, ಇಷ್ಟೇ ನನ್ನ ವಸ್ತು.

ಕೆಲಸ ಮುಂದುವರಿದಂತೆಲ್ಲ ಒಂದು ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗುತ್ತಿದೆ: ರುಚಿಯನ್ನು ಬಲ್ಲವರಿಗೆ ಮಾತ್ರ ಊಟದ ಬಣ್ಣ ಸರಿಯಾಗಿ ಕಾಣುತ್ತದೆ. ರೊಟ್ಟಿಯನ್ನೇ ನೋಡಿ. ಬಿಳಿಜೋಳದ ರೊಟ್ಟಿ ಎಂದೊಡನೆ ಬಿಳಿಯ ಬಣ್ಣಕ್ಕೆ ಕೈಹಾಕುವವರು ಅದನ್ನು ಹಂಚಿನ ಮೇಲಿಂದ ಎತ್ತಿ ಕೈಗೆ ಕೊಟ್ಟಾಗ ತಿಂದವರಲ್ಲ. ತಟ್ಟುವಾಗ ಮೇಲುಳಿದ ಹಿಟ್ಟನ್ನು ಹಂಚಿನ ಮೇಲೆ ಒದ್ದೆ ಬಟ್ಟೆಯಿಂದ ಸವರುತ್ತಾರಲ್ಲ, ಆ ಮುಖ ಬೆಂದ ಮೇಲೆ ತುಸು ಬೂದಿ ಬಣ್ಣಕ್ಕೆ ತಿರುಗಿ, ಬೆಳಕು ಒಳಗಿಳಿಯುವಂತೆ ತೆಳುವಾಗಿ ಕಾಣುತ್ತದೆ. ಇನ್ನೊಂದು ಮುಖ ಒಣಗಿದ ಕೆನೆಯ ಬಣ್ಣದ್ದು. ಉಬ್ಬಿದ ಪದರು ಕೆಂಡಕ್ಕೆ ತಾಗಿದಲ್ಲಿ ಕಂದು ಚುಕ್ಕೆಗಳು, ಅವುಗಳ ನಡುವೆ ಒಂದೆರಡು ಕಡೆ ನಿಜವಾದ ಕಪ್ಪು. ಈ ಕಪ್ಪು ಚುಕ್ಕೆಯ ಕಹಿ ನಾಲಿಗೆಗೆ ಗೊತ್ತಿದ್ದರೆ ಅದನ್ನು ಎಷ್ಟು ಇಡಬೇಕು ಎಂಬುದು ಕೈಗೂ ಗೊತ್ತಾಗುತ್ತದೆ. ಸದ್ಯ ನಾನು ಕಾಗದದ ಬಿಳುಪನ್ನು ಹಾಗೇ ಬಿಟ್ಟು, ಅದರ ಮೇಲೆ ಹಳದಿ ಮಣ್ಣಿನ ಬಣ್ಣಕ್ಕೆ ನೀಲಿಯನ್ನು ಸೋಕಿಸಿದ ತೆಳುವಾದ ಒಂದು ಲೇಪ ಕೊಡುತ್ತಿದ್ದೇನೆ.

ಪುಂಡಿಪಲ್ಯದ ಹಸಿರು ಮಾತ್ರ ಇನ್ನೂ ಕೈಗೆ ಹತ್ತುತ್ತಿಲ್ಲ. ಚಿತ್ರ ಬರೆಯುವವರೂ ಅಡುಗೆ ಮಾಡುವವರೂ ಇಲ್ಲಿದ್ದೀರಿ. ನಿಮ್ಮ ಅನುಭವ ಏನು ಹೇಳುತ್ತದೆ?

ಡ್ರಾಯಿಂಗ್ ಮೇಷ್ಟ್ರು, ರಾಯಚೂರು

ಒಳ್ಳೆಯ ವಸ್ತುವನ್ನು ಆರಿಸಿಕೊಂಡಿದ್ದೀರಿ, ಆದರೆ ನಿಮ್ಮ ಮೊದಲ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಆಹಾರವನ್ನು ಚಿತ್ರಿಸಿದ ದೊಡ್ಡವರಲ್ಲಿ ಅನೇಕರು ರುಚಿಯ ಕಡೆಗೆ ತಲೆ ಹಾಕಿದವರೇ ಅಲ್ಲ. ಸೆಜಾನ್ ಸೇಬುಗಳನ್ನು ಬರೆದದ್ದು ಅವುಗಳ ದುಂಡುತನಕ್ಕೆ, ಅವು ಮೇಜಿನ ಮೇಲೆ ಕೂರುವ ಭಾರಕ್ಕೆ. ಸ್ಪೇನಿನ ಸಾಂಚೆಝ್ ಕೋತಾನ್ 1600ರ ಆಸುಪಾಸಿನಲ್ಲಿ ಕೋಸುಗಡ್ಡೆಯನ್ನೂ ಒಂದು ಹಣ್ಣನ್ನೂ ಹುರಿಯಿಂದ ತೂಗುಬಿಟ್ಟು, ಕೆಳಗಿನ ಕಟ್ಟೆಯ ಮೇಲೆ ಸೀಳಿದ ಕರಬೂಜ ಮತ್ತು ಸೌತೆಕಾಯಿಯನ್ನು ಇಟ್ಟು, ಹಿಂದೆ ಗಾಢವಾದ ಕತ್ತಲನ್ನು ತುಂಬಿದ. ನಮ್ಮ ಮನೆಗಳ ನೆಲುವಿನಂತೆಯೇ, ಕೆಡದಿರಲಿ ಎಂದು ಕಾಯಿಪಲ್ಯವನ್ನು ತೂಗುಹಾಕುವ ರೂಢಿ ಅಲ್ಲಿಯೂ ಇತ್ತು. ಆ ಚಿತ್ರವನ್ನು ನೋಡಿದಾಗ ಹಸಿವಾಗುವುದಿಲ್ಲ. ಎಲ್ಲ ತರಕಾರಿಗಳೂ ಲೆಕ್ಕದ ಒಂದು ವಕ್ರರೇಖೆಯಲ್ಲಿ ನಿಂತಿರುವುದು ಕಾಣುತ್ತದೆ. ಹೀಗೆ ವಸ್ತುಗಳನ್ನು ಜೋಡಿಸಿಟ್ಟು ಬರೆಯುವ ಸ್ಥಿರಚಿತ್ರ ಕಣ್ಣಿನ ಕಲೆ. ನಾಲಿಗೆಯನ್ನು ಕರೆತಂದರೆ ಚಿತ್ರವು ಹೋಟೆಲಿನ ಫಲಕವಾಗುವ ಅಪಾಯವಿದೆ.

ಆದರೂ ನಿಮ್ಮ ಪರವಾಗಿ ಒಂದು ಸಾಕ್ಷಿಯನ್ನು ನಾನೇ ಕೊಡುತ್ತೇನೆ. ವ್ಯಾನ್ ಗೋ 1885ರಲ್ಲಿ ನೆದರ್‌ಲ್ಯಾಂಡ್ಸಿನ ಒಂದು ಹಳ್ಳಿಯಲ್ಲಿ ಆಲೂಗಡ್ಡೆ ತಿನ್ನುವ ರೈತ ಕುಟುಂಬವನ್ನು ಬರೆಯುವಾಗ, ಮುಖಗಳಿಗೆ ಮೊದಲು ಹಚ್ಚಿದ ಮೈಬಣ್ಣವನ್ನು ಬಿಟ್ಟು, ಸಿಪ್ಪೆ ಸುಲಿಯದ, ಮಣ್ಣು ಮೆತ್ತಿದ ಆಲೂಗಡ್ಡೆಯ ಬಣ್ಣವನ್ನೇ ಮತ್ತೆ ಹಚ್ಚಿದ್ದಾಗಿ ತಮ್ಮನಿಗೆ ಪತ್ರ ಬರೆದಿದ್ದಾನೆ. ತಾಟಿನಲ್ಲಿರುವುದು ತಿನ್ನುವವರ ಮುಖಕ್ಕೆ ಏರಿತು. ಅದಕ್ಕೆ ನಾಲಿಗೆ ಬೇಕಾಯಿತೋ ಕಣ್ಣು ಬೇಕಾಯಿತೋ ಎಂಬುದನ್ನು ನಾನು ತೀರ್ಮಾನಿಸಲಾರೆ.

ಹಂಚಿನ ಮುಂದೆ, ಗಂಗಾವತಿ

ಚಿತ್ರಕಲೆಯ ಬಗ್ಗೆ ಮೇಷ್ಟ್ರ ಮುಂದೆ ನಾನು ಮಾತಾಡುವವಳಲ್ಲ. ಪುಂಡಿಪಲ್ಯದ ಬಗ್ಗೆ ಮಾತಾಡಬಲ್ಲೆ.

ತಂಗೀ, ಪುಂಡಿಯ ಹಸಿರು ಒಂದೇ ಅಲ್ಲ. ಕೆಂಪು ದಂಟಿನ ಪುಂಡಿ ಬೇರೆ, ಹಸಿರು ದಂಟಿನದು ಬೇರೆ. ಸೊಪ್ಪು ಕಿತ್ತಾಗ ಎರಡೂ ಚೆಂದದ ಹಸಿರಾಗಿಯೇ ಇರುತ್ತವೆ. ಕುದಿಯುವ ನೀರಿಗೆ ಬಿದ್ದು ಒಂದು ಉಕ್ಕು ಬರುವುದರೊಳಗೆ ಆ ಹಸಿರು ಹೋಗಿ ಮಾಗಿದ ಎಲೆಯ ಬಣ್ಣ ಬರುತ್ತದೆ. ಆಮೇಲೆ ತೊಗರಿಬೇಳೆಯೂ ಜೋಳದ ನುಚ್ಚೂ ಸೇರಿ ಬೆಂದಾಗ ಅದರ ಮೇಲೆ ಒಂದು ಮಸುಕು ಕೂರುತ್ತದೆ, ಕಡೆಗೆ ಶೇಂಗಾ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗೆ ಹುರಿದು ಒಗ್ಗರಣೆ ಕೊಟ್ಟಾಗ ಮೇಲ್ಭಾಗವಷ್ಟೇ ಹೊಳೆಯುತ್ತದೆ, ಒಳಗೆ ಹೊಳಪಿರುವುದಿಲ್ಲ. ಪಲ್ಯ ಎಲೆಹಸಿರಾಗಿ ಕಂಡರೆ ನಾವು ಬಾಯಿಗಿಡುವ ಮೊದಲೇ ಅನುಮಾನಪಡುತ್ತೇವೆ: ಒಂದೋ ಅದು ಬೆಂದಿಲ್ಲ, ಇಲ್ಲವೇ ಯಾರೋ ಸೋಡಾ ಹಾಕಿದ್ದಾರೆ. ಸೋಡಾ ಬಿದ್ದ ಪುಂಡಿಗೆ ಹುಳಿಯೂ ಸತ್ತಿರುತ್ತದೆ.

ಅಂದರೆ ಬಣ್ಣ ನೋಡಿ ಹುಳಿ ಹೇಳುವುದು ನಮಗೆ ದಿನದ ಕೆಲಸ. ಕಣ್ಣು ಬೇರೆ, ನಾಲಿಗೆ ಬೇರೆ ಎಂದು ಮೇಷ್ಟ್ರು ಹೇಳುತ್ತಿರುವುದು ಊಟಕ್ಕೆ ಕೂತವರ ಮಾತಾಯಿತೇ ಹೊರತು ಮಾಡುವವರ ಮಾತಲ್ಲ. ಒಲೆಯ ಮುಂದೆ ನಿಂತವಳು ಒಂದೊಂದು ಹಂತಕ್ಕೂ ರುಚಿ ನೋಡುತ್ತ ಕೂರುವುದಿಲ್ಲ. ಎಣ್ಣೆಗಾಯಿಯ ಮಸಾಲೆ ಎಣ್ಣೆ ಬಿಟ್ಟಿತೇ, ಶೇಂಗಾ ಹದವಾಗಿ ಹುರಿದಿದೆಯೇ ಎಂಬುದನ್ನು ಬಣ್ಣದಿಂದಲೇ ತಿಳಿಯುತ್ತಾಳೆ.

ಕೃಷಿ ವಿದ್ಯಾರ್ಥಿ, ರಾಯಚೂರು

ಅಕ್ಕನವರು ಹೇಳಿದ್ದಕ್ಕೆ ರಸಾಯನಶಾಸ್ತ್ರದ ಆಧಾರವೂ ಇದೆ. ಎಲೆಯ ಹಸಿರಿಗೆ ಕಾರಣವಾದ ಕ್ಲೋರೊಫಿಲ್ ಅಣುವಿನ ನಡುವೆ ಮೆಗ್ನೀಸಿಯಂ ಇರುತ್ತದೆ. ಕುದಿಯುವಾಗ ಆಮ್ಲವು ಆ ಮೆಗ್ನೀಸಿಯಂ ಅನ್ನು ಹೊರದಬ್ಬಿದರೆ ಉಳಿಯುವುದು ಕಂದು ಬೆರೆತ ಮಬ್ಬು ಹಸಿರು. ಬೇರೆ ಸೊಪ್ಪುಗಳಲ್ಲಿ ಇದು ನಿಧಾನವಾಗಿ ಆಗುತ್ತದೆ. ಪುಂಡಿಯ ಎಲೆಯಲ್ಲೇ ಹುಳಿ ತುಂಬಿರುವುದರಿಂದ ಅದು ತನ್ನ ಬಣ್ಣವನ್ನು ತಾನೇ ಕೆಡಿಸಿಕೊಳ್ಳುತ್ತದೆ. ಸೋಡಾ ಕ್ಷಾರವಾದ್ದರಿಂದ ಆಮ್ಲವನ್ನು ತಗ್ಗಿಸಿ ಹಸಿರನ್ನು ಉಳಿಸುತ್ತದೆ. ಹಾಗಾಗಿ ಪುಂಡಿಪಲ್ಯದ ಮಬ್ಬು ಹಸಿರು ಎಂದರೆ ಕಣ್ಣಿಗೆ ಕಾಣುವ ಹುಳಿಯೇ ಸರಿ.

ಬದನೆಕಾಯಿಯದು ಇನ್ನೊಂದು ಬಗೆ. ಅದರ ನೇರಳೆ ಬಣ್ಣ ನೀರಿನಲ್ಲಿ ಕರಗುವಂಥದು. ನೀರಿನಲ್ಲಿ ಬೇಯಿಸಿದರೆ ಸೋರಿಹೋಗಿ ಕಂದಾಗುತ್ತದೆ, ಎಣ್ಣೆಯಲ್ಲಿ ಬಾಡಿಸಿದರೆ ಬಹುಮಟ್ಟಿಗೆ ನಿಲ್ಲುತ್ತದೆ. ಎಣ್ಣೆಗಾಯಿಯ ತೊಟ್ಟಿನ ಬಳಿ ಆ ಗಾಢ ನೇರಳೆ ಉಳಿದಿರುವುದನ್ನು ನೀವೂ ಗಮನಿಸಿರಬೇಕು.

ಇನ್ನು ಒಂದು ಎಚ್ಚರಿಕೆಯ ಮಾತು. ಅಡುಗೆಮನೆಯ ಸಾಮಗ್ರಿಯಿಂದಲೇ ಚಿತ್ರ ಬರೆಯುವ ಉತ್ಸಾಹ ಈಚೆಗೆ ಹೆಚ್ಚಾಗಿದೆ. ಅರಿಷಿಣಕ್ಕೆ ಸುಣ್ಣ ಬೆರೆಸಿದರೆ ಆರತಿಯ ನೀರಿನ ಕೆಂಪು ಬರುತ್ತದೆ, ನಿಜ. ಆದರೆ ಅರಿಷಿಣದ ಹಳದಿ ಬಿಸಿಲಿಗೆ ನಿಲ್ಲುವುದಿಲ್ಲ, ಮೆಣಸಿನಕಾಯಿಯ ಕೆಂಪೂ ಹಾಗೆಯೇ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಪ್ರಾಚೀನರು ಬರೆದ ಬೇಟೆಯ, ಕುಣಿತದ ಚಿತ್ರಗಳು ಇಂದಿಗೂ ಕಾಣುತ್ತಿರುವುದು ಅವು ಕೆಮ್ಮಣ್ಣಿನಲ್ಲಿ, ಎಂದರೆ ಕಬ್ಬಿಣದ ಆಕ್ಸೈಡಿನಲ್ಲಿ ಬರೆದವಾದ್ದರಿಂದ. ಸಂಡೂರಿನ ಗುಡ್ಡಗಳ ಕೆಂಪೂ ಅದೇ ಕುಲದ್ದು. ಊಟದಿಂದ ಬಣ್ಣವನ್ನು ಕಲಿಯಿರಿ, ಕಾಗದಕ್ಕೆ ಮಾತ್ರ ಮಣ್ಣಿನ ಬಣ್ಣವನ್ನೇ ಹಚ್ಚಿರಿ.

ಎರೆಹೊಲ, ಸಿರುಗುಪ್ಪ

ಮೆಣಸಿನಕಾಯಿಯ ಪ್ರಸ್ತಾಪ ಬಂದದ್ದರಿಂದ ಬರೆಯುತ್ತಿದ್ದೇನೆ. ಚಿತ್ರಕಾರರು ಬಣ್ಣಕ್ಕೆ ಬೆಲೆ ಕೊಡುತ್ತಾರೋ ಇಲ್ಲವೋ ನನಗೆ ತಿಳಿಯದು. ನಮ್ಮ ಕಾಯಿಗೆ ಮಾರುಕಟ್ಟೆಯಲ್ಲಿ ಬೆಲೆ ಕಟ್ಟುವುದೇ ಬಣ್ಣ. ಬ್ಯಾಡಗಿ ತಳಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಗುಂಟೂರು ತಳಿಯದು ಇದಕ್ಕೆ ತಿರುವುಮುರುವು. ಅದಕ್ಕೇ ನಮ್ಮ ಮನೆಗಳಲ್ಲಿ ಖಾರಪುಡಿ ಕುಟ್ಟಿಸುವಾಗ ಎರಡನ್ನೂ ಅಳತೆಯಲ್ಲಿ ಬೆರೆಸುತ್ತಾರೆ. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಎಂಬ ಎರಡು ಬಗೆಗಳಿವೆ. ಡಬ್ಬಿ ಗಿಡ್ಡಗೆ ದುಂಡಗಿರುತ್ತದೆ, ಕಡ್ಡಿ ಉದ್ದಕ್ಕೆ ತೆಳ್ಳಗಿದ್ದು ಮೈಯೆಲ್ಲ ನೆರಿಗೆ. ಈ ಕಾಯಿಯಿಂದ ತೆಗೆದ ಬಣ್ಣದ ಎಣ್ಣೆ ತುಟಿಗೆ ಹಚ್ಚುವ ಬಣ್ಣಕ್ಕೂ ಹೋಗುತ್ತದೆ.

ತಂಗಿಯವರು ಚಿತ್ರಕ್ಕೆ ಕೆಂಪು ಹುಡುಕುತ್ತಿದ್ದರೆ ಕೊಯ್ಲಿನ ಹೊತ್ತಿಗೆ ಕಣಕ್ಕೆ ಬರಬೇಕು. ಗಿಡದಿಂದ ಬಂದ ಹಣ್ಣುಗಾಯಿ ಮಿರುಗುವ ಕೆಂಪಿನಲ್ಲಿರುತ್ತದೆ. ಬಿಸಿಲಿಗೆ ಹರವಿದ ಮೇಲೆ ಮಿರುಗು ಇಂಗಿ, ಕೆಂಪು ಒಳಕ್ಕೆ ಸರಿದು, ನೆರಿಗೆಯ ಹಳ್ಳದಲ್ಲಿ ಕಪ್ಪಿಗೆ ಹತ್ತಿರವಾದ ಬಣ್ಣ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಒಂದು ಮಳೆ ಬಿದ್ದರೆ ಕಾಯಿ ಬಣ್ಣ ಬಿಟ್ಟು ಬೆಳ್ಳಗೆ ಕಲೆಯಾಗುತ್ತದೆ, ಅದನ್ನು ಕೇಳುವವರೇ ಇರುವುದಿಲ್ಲ. ಎರೆ ಮಣ್ಣಿನ ಕರಿಯ ನೆಲ, ಅದರ ಮೇಲೆ ಹರವಿದ ಕೆಂಪು ಕಾಯಿ: ನೋಡಲು ಬಂದವರು ಆಹಾ ಎನ್ನುತ್ತಾರೆ. ನಾವು ಮೋಡ ನೋಡುತ್ತಿರುತ್ತೇವೆ.

ಕೋಟೆ ಕೆಳಗೆ, ಬಳ್ಳಾರಿ

ಎಲ್ಲರೂ ಮನೆಯ ಊಟವನ್ನೇ ಹೇಳುತ್ತಿದ್ದೀರಿ. ಒಗ್ಗರಣೆ ಮಿರ್ಚಿಯನ್ನು ಮರೆತರೆ ಬಳ್ಳಾರಿಯವರು ಒಪ್ಪುವುದಿಲ್ಲ. ನಾನು ಫೋಟೊ ತೆಗೆಯುವವನು. ನೆನೆಸಿ ಹಿಂಡಿದ ಮಂಡಕ್ಕಿಗೆ ಅರಿಷಿಣದ ಒಗ್ಗರಣೆ ಬಿದ್ದಾಗ ಪ್ರತಿ ಕಾಳೂ ಒಂದೇ ಹಳದಿಗೆ ತಿರುಗುವುದಿಲ್ಲ, ಕೆಲವು ಅರೆಬಿಳಿಯಾಗಿಯೇ ಉಳಿಯುತ್ತವೆ. ಮೇಲೆ ಪುಟಾಣಿ ಪುಡಿ ಉದುರಿಸಿದಾಗ ಆ ಹಳದಿಗೆ ಒಂದು ಧೂಳಿನ ಮುಸುಕು ಬರುತ್ತದೆ. ಪಕ್ಕದಲ್ಲಿ ಮಿರ್ಚಿ ಇಟ್ಟ ಪೇಪರಿನ ಮೇಲೆ ಎಣ್ಣೆ ಹರಡಿ, ಹಿಂದಿನ ಪುಟದ ಅಕ್ಷರಗಳು ಈ ಕಡೆಗೆ ತಿರುಗುಮುರುಗಾಗಿ ಮೂಡುವುದನ್ನು ಕ್ಯಾಮೆರಾದಲ್ಲಿ ಹಿಡಿಯುವುದು ನನಗೆ ಬಹಳ ಇಷ್ಟ.

ಆದರೆ ನನ್ನದೊಂದು ತಕರಾರಿದೆ. ರೊಟ್ಟಿ, ಚಟ್ನಿ, ಹಸಿ ಉಳ್ಳಾಗಡ್ಡಿ ಎಂಬುದು ಬರಗಾಲದ ಸೀಮೆಯ ಊಟ. ಬೇರೇನೂ ಇಲ್ಲದ್ದಕ್ಕೆ ತಿಂದದ್ದು. ಅದನ್ನು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿ, ಬೂದಿ ಬಣ್ಣ ಎಷ್ಟು ಚೆಂದ ಎಂದು ಹೊಗಳುವುದು ಹೊಟ್ಟೆ ತುಂಬಿದವರ ವಿನೋದ ಅನ್ನಿಸುವುದಿಲ್ಲವೇ?

ಬಣ್ಣದ ಬಟ್ಟಲು, ಕೊಪ್ಪಳ

ಕೋಟೆ ಕೆಳಗಿನ ಅಣ್ಣನವರ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸುವುದು ಸರಿಯಲ್ಲ. ಹಸಿದವರ ತಾಟನ್ನು ಅಲಂಕಾರವಾಗಿ ಬಳಸುವುದು ತಪ್ಪೇ. ಆದರೆ ಜೋಳದ ರೊಟ್ಟಿಯ ಊಟ ಬಡತನದ ಗುರುತು ಮಾತ್ರ ಎಂಬುದನ್ನು ನಾನು ಒಪ್ಪುವುದಿಲ್ಲ. ನಮ್ಮ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ರೊಟ್ಟಿ ತುಂಬಿಕೊಂಡು ಬರುತ್ತಾರೆ. ಕೊಡುವವರು ಅದನ್ನು ತಮ್ಮಲ್ಲಿರುವ ಉತ್ತಮ ವಸ್ತುವೆಂದೇ ಕೊಡುತ್ತಾರೆ. ಅಲ್ಲಿ ಒಟ್ಟಿದ ರೊಟ್ಟಿಯ ರಾಶಿಯನ್ನು ನೋಡಿದರೆ, ಒಂದೊಂದು ಮನೆಯ ಹಂಚು, ಒಂದೊಂದು ಕೈಯ ತಟ್ಟುವಿಕೆ ಅಂಚಿನಲ್ಲಿ ಬೇರೆಬೇರೆಯಾಗಿ ಕಾಣುತ್ತದೆ: ಒಂದರ ಅಂಚು ನುಣುಪು, ಇನ್ನೊಂದರದು ಬಿರುಕು, ಮತ್ತೊಂದು ತೆಳ್ಳಗಾಗಿ ಕಡಕ್ಕಾಗಿ ಮೇಲಕ್ಕೆ ಬಾಗಿದೆ. ಬಿಳುಪಿನಲ್ಲಿ ಎಷ್ಟು ಬಗೆಗಳಿವೆ ಎಂಬುದನ್ನು ನಾನು ಕಲಿತದ್ದು ಆ ರಾಶಿಯ ಮುಂದೆ ನಿಂತು.

ತಕರಾರು ಇನ್ನೊಂದು ದಿಕ್ಕಿನಿಂದಲೂ ಬರುತ್ತದೆ. ಈ ಮಾಲೆಯ ಒಂದೆರಡು ಚಿತ್ರಗಳನ್ನು ಒಂದು ಹೋಟೆಲಿನವರು ಕೇಳಿದ್ದರು. ನೋಡಿದ ಮೇಲೆ, ಪಲ್ಯ ಇನ್ನಷ್ಟು ಹಸಿರಾಗಿರಲಿ, ಚಟ್ನಿ ಇನ್ನಷ್ಟು ಕೆಂಪಾಗಿರಲಿ, ರೊಟ್ಟಿಯ ಸುಟ್ಟ ಚುಕ್ಕೆಗಳನ್ನು ತೆಗೆಯಿರಿ ಎಂದರು. ಅಕ್ಕನವರ ಮಾತಿನಲ್ಲಿ ಹೇಳುವುದಾದರೆ ಚಿತ್ರಕ್ಕೆ ಸೋಡಾ ಹಾಕಿರಿ ಎಂದಂತಾಯಿತು. ನಾನು ಕೊಡಲಿಲ್ಲ. ಮೇಷ್ಟ್ರು ಹೆದರಿದ್ದ ಹೋಟೆಲಿನ ಫಲಕ ಎಂಬುದು ರುಚಿ ಬಲ್ಲವರಿಂದ ಬರುವುದಿಲ್ಲ ಎಂದೇ ನನ್ನ ಎಣಿಕೆ; ಹುಳಿ, ಕಹಿ, ಒಗರುಗಳನ್ನು ಬಣ್ಣದಿಂದ ತೆಗೆದುಹಾಕಿದಾಗ ಉಳಿಯುವುದೇ ಫಲಕ.

ಕಿನ್ನಾಳದ ಕುಂಚ

ನಮ್ಮ ಊರಿನ ಕೆಲಸದ ಮಾತನ್ನೂ ಸೇರಿಸುತ್ತೇನೆ. ಕಿನ್ನಾಳದ ಚಿತ್ರಗಾರರು ಮರದ ಗೊಂಬೆ ಮಾಡುವಾಗ ಬಣ್ಣಕ್ಕೆ ಮುಂಚೆ ಹುಣಸೆಬೀಜಕ್ಕೆ ಕೈಹಾಕುತ್ತಾರೆ. ಬೀಜವನ್ನು ನೆನೆಸಿ, ಅರೆದು, ಕಾಯಿಸಿದರೆ ಅಂಟು ಬರುತ್ತದೆ. ಸೆಣಬಿನ ಚಿಂದಿಯನ್ನು ನೆನೆಸಿ ಒಣಗಿಸಿ ಪುಡಿಮಾಡಿ, ಮರದ ಪುಡಿಯೊಡನೆ ಆ ಅಂಟಿನಲ್ಲಿ ಕಲಸಿದ್ದೇ ಕಿಟ್ಟ. ಮರದ ತುಂಡುಗಳ ಕೂಡುಗೆರೆ ಮುಚ್ಚುವುದು, ಮೂಗು, ಆಭರಣಗಳನ್ನು ಎತ್ತಿ ಮೂಡಿಸುವುದು ಅದರಿಂದಲೇ. ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ, ಹೊಳಪು ಬೇಕಾದಲ್ಲಿ ಲಾಜವರ ಎಂಬ ತವರದ ಲೇಪ. ಹಣ್ಣಿನ ಹುಳಿ ಸಾರಿಗೆ, ಬೀಜದ ಅಂಟು ದೇವರ ಮೈಗೆ.

ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಮಾಳಿಗೆಯ ಚಿತ್ರಗಳನ್ನು ಬರೆದವರ ವಂಶದವರು ಕಿನ್ನಾಳದ ಚಿತ್ರಗಾರರು ಎಂದು ನಮ್ಮಲ್ಲಿ ಹೇಳಿಕೊಂಡು ಬಂದಿದ್ದಾರೆ. ಆ ಮಾಳಿಗೆಯ ಕೆಂಪನ್ನು ತಲೆಯೆತ್ತಿ ನೋಡಿದಾಗಲೆಲ್ಲ ನನಗೆ ಶೇಂಗಾ ಚಟ್ನಿ ನೆನಪಾಗುತ್ತದೆ. ಭಕ್ತರು ಕ್ಷಮಿಸಬೇಕು.

ಡ್ರಾಯಿಂಗ್ ಮೇಷ್ಟ್ರು, ರಾಯಚೂರು

ಕಿನ್ನಾಳದವರು ಹಂಪಿಯನ್ನು ತಂದದ್ದು ಒಳ್ಳೆಯದಾಯಿತು. 2021ರಿಂದ ಅದು ವಿಜಯನಗರ ಜಿಲ್ಲೆಗೆ ಸೇರಿದೆಯಾದರೂ ಬಳ್ಳಾರಿಯವರು ಅದನ್ನು ಬಿಟ್ಟುಕೊಟ್ಟಿಲ್ಲವೆಂದು ಕಾಣುತ್ತದೆ. ಅಲ್ಲಿ ಕಮಲಾಪುರದ ದಾರಿಯ ಬದಿಗೆ ಭೋಜನಶಾಲೆ ಎಂದು ಕರೆಯುವ ಒಂದು ಜಾಗವಿದೆ. ನೀರಿನ ಕಾಲುವೆಯ ಎರಡೂ ಬದಿಗೆ ಕಲ್ಲಿನ ತಾಟುಗಳನ್ನು ಸಾಲಾಗಿ ಹೂಳಿದ್ದಾರೆ. ಒಂದೊಂದು ತಾಟಿನಲ್ಲೂ ಅನ್ನಕ್ಕೊಂದು ಅಗಲವಾದ ತಗ್ಗು, ಪಲ್ಯ ಚಟ್ನಿಗಳಿಗೆ ಪುಟ್ಟ ಪುಟ್ಟ ಕುಳಿಗಳು. ನಾನು ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಗುಡಿಗಳ ಶಿಲ್ಪಕ್ಕಿಂತ ಮೊದಲು ಈ ತಾಟನ್ನು ಬರೆಯಿಸುತ್ತೇನೆ. ಯಾವ ಪದಾರ್ಥಕ್ಕೆ ಎಷ್ಟು ಜಾಗ, ಯಾವುದು ಯಾವುದರ ನೆರೆ ಎಂಬುದನ್ನು ಕಲ್ಲುಕುಟಿಗನು ಮೊದಲೇ ನಿಶ್ಚಯಿಸಿಬಿಟ್ಟಿದ್ದಾನೆ. ಚಿತ್ರದ ರಚನೆಯನ್ನು ಕಲಿಸಲು ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಆ ಕುಳಿಗಳನ್ನು ಮನಸ್ಸಿನಲ್ಲಿ ತುಂಬಿಸುವಾಗ ಮಾತ್ರ ಒಂದು ಸಂಗತಿ ನೆನಪಿರಬೇಕು. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ಚುಗೀಸರು ಬಂದ ಮೇಲೆ, ಹದಿನಾರನೆಯ ಶತಮಾನದಲ್ಲಿ, ಈ ಕಡೆಗೆ ಬಂದದ್ದು. ಅದಕ್ಕೂ ಮುಂಚೆ ಖಾರಕ್ಕೆ ಇದ್ದದ್ದು ಕರಿಮೆಣಸು, ಶುಂಠಿ. ಶೇಂಗಾ ಕೂಡ ಅದೇ ಖಂಡದಿಂದ ಬಂದ ಬೆಳೆ. ಹಾಗಾಗಿ ವಿಜಯನಗರದ ಮೊದಲ ಅರಸರ ಕಾಲದ ತಾಟಿನಿಂದ ಕೆಂಪು ಚಟ್ನಿಯನ್ನೂ ಶೇಂಗಾದ ಹಿಂಡಿಯನ್ನೂ ತೆಗೆದುಬಿಡಿ. ಉಳಿಯುವುದು ಜೋಳ, ಹುರುಳಿ, ಹೆಸರು, ಎಳ್ಳು, ಬದನೆ. ಇವುಗಳಲ್ಲಿ ಹುರುಳಿ, ಹೆಸರುಗಳು ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ನವಶಿಲಾಯುಗದವರ ನೆಲೆಯಲ್ಲೇ ದೊರೆತಿವೆ. ಇಡೀ ತಾಟು ಕಂದು, ಬೂದಿ, ಮಬ್ಬು ಹಸಿರುಗಳ ಚಿತ್ರವಾಗುತ್ತದೆ. ನಮ್ಮ ಊಟಕ್ಕೆ ಕೆಂಪು ಹೊಸತು, ಮಬ್ಬೇ ಹಳತು. ಕೋಟೆ ಕೆಳಗಿನವರು ಬರಗಾಲದ ಬಣ್ಣ ಎಂದದ್ದನ್ನು ನಾನು ಈ ಸೀಮೆಯ ಮೂಲ ಬಣ್ಣ ಎನ್ನುತ್ತೇನೆ.

ರುಚಿಯ ವಿಷಯದಲ್ಲಿ ಪುಂಡಿಪಲ್ಯದ ಮಟ್ಟಿಗೆ ನಾನು ಸೋತಿದ್ದೇನೆ. ಸೆಜಾನನ ಸೇಬಿನ ಮಟ್ಟಿಗೆ ಇಲ್ಲ.

ಕೋಟೆ ಕೆಳಗೆ, ಬಳ್ಳಾರಿ

ಮೇಷ್ಟ್ರೇ, ಮೂಲ ಬಣ್ಣ ಎಂಬ ಮಾತು ಚೆನ್ನಾಗಿದೆ, ಆದರೆ ನನ್ನ ಪ್ರಶ್ನೆ ಅದರಿಂದ ಮುಗಿಯುವುದಿಲ್ಲ. ನೀವೇ ಹೇಳಿದ ವ್ಯಾನ್ ಗೋ ತಾಟಿನ ಜೊತೆಗೆ ತಿನ್ನುವವರ ಕೈಗಳನ್ನೂ ಬರೆದ. ಮಣ್ಣನ್ನು ಅಗೆದ ಕೈಗಳೇ ಆ ತಾಟಿಗೆ ಇಳಿದಿವೆ ಎಂಬುದು ಕಾಣಬೇಕೆಂದು ಅವನ ಆಸೆಯಾಗಿತ್ತು. ಈ ಮಾಲೆಯಲ್ಲಿ ಕೈಗಳಿವೆಯೇ?

ಬಣ್ಣದ ಬಟ್ಟಲು, ಕೊಪ್ಪಳ

ಇಲ್ಲ, ಇದುವರೆಗೆ ಇಲ್ಲ. ಬರೆಯಬೇಕೆಂದು ನಿಮ್ಮ ಮಾತಿನಿಂದಲೇ ಅನ್ನಿಸುತ್ತಿದೆ. ರೊಟ್ಟಿ ತಟ್ಟುವ ಕೈಗಿಂತ ರೊಟ್ಟಿ ಮುರಿಯುವ ಕೈ ನನಗೆ ಹೆಚ್ಚು ಬೇಕು. ಮುರಿದ ತುಂಡಿನಿಂದ ಎಣ್ಣೆಗಾಯಿಯ ಮಸಾಲೆಯನ್ನು ಒತ್ತಿ ತೆಗೆಯುವಾಗ ಬೆರಳ ತುದಿಗೆ ಹತ್ತುವ ಎಣ್ಣೆಯ ಕಿತ್ತಳೆಯಿದೆಯಲ್ಲ, ಅಲ್ಲಿ ತಾಟಿನ ಬಣ್ಣವೂ ಮೈಬಣ್ಣವೂ ಕೂಡುತ್ತವೆ.

ಪುಂಡಿಪಲ್ಯಕ್ಕೆ ನಿನ್ನೆಯಿಂದ ಹೊಸ ಕ್ರಮ ಹಿಡಿದಿದ್ದೇನೆ. ಮೊದಲು ಎಲೆಹಸಿರಿನ ತೆಳು ಲೇಪ ಕೊಟ್ಟು ಒಣಗಲು ಬಿಟ್ಟು, ಅದರ ಮೇಲೆ ಸುಟ್ಟ ಮಣ್ಣಿನ ಕೆಂಗಂದನ್ನು ಎಳೆಯುತ್ತೇನೆ. ಬಟ್ಟಲಿನಲ್ಲೇ ಎರಡನ್ನೂ ಬೆರೆಸಿದಾಗ ಬರುತ್ತಿದ್ದ ಕೆಸರು ಈಗ ಬರುತ್ತಿಲ್ಲ, ಕೆಳಗಿನ ಹಸಿರು ಅಲ್ಲಲ್ಲಿ ಇಣುಕುತ್ತದೆ. ಒಲೆಯ ಮೇಲೆ ನಡೆಯುವ ಕ್ರಮದಲ್ಲೇ ಕಾಗದದ ಮೇಲೂ ಹಸಿರನ್ನು ಮೊದಲು ತಂದು ಆಮೇಲೆ ಕೆಡಿಸಬೇಕೆಂಬ ದಾರಿ ಅಕ್ಕನವರಿಂದ ದೊರೆಯಿತು. ನುಚ್ಚಿನ ಕಾಳುಗಳಿಗೆ ಬಿಳಿ ಹಚ್ಚದೆ, ಒದ್ದೆ ಕುಂಚದಿಂದ ಬಣ್ಣವನ್ನು ಎತ್ತಿ ತೆಗೆಯುತ್ತಿದ್ದೇನೆ.

ಮುಂದಿನದು ಸಜ್ಜೆ ರೊಟ್ಟಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಒಯ್ಯುವ, ಎಳ್ಳು ಹಚ್ಚಿದ ಕಡಕ್ ರೊಟ್ಟಿ. ಬೂದಿಯೊಳಗೆ ಹಸಿರಿನ ಒಂದು ಛಾಯೆ ಅದರಲ್ಲಿದೆ. ಅದು ಹಿಟ್ಟಿನದೋ, ಹಂಚಿನಿಂದ ಬಂದದ್ದೋ ಎಂಬುದು ಬರೆಯುವ ಮೊದಲು ನನಗೆ ತಿಳಿಯಬೇಕು. ಅಕ್ಕಾ, ನಿಮ್ಮ ಮನೆಯಲ್ಲಿ ಸಜ್ಜೆ ರೊಟ್ಟಿ ಮಾಡುವ ದಿನ ಬಂದು ಕೂರಬಹುದೇ?

ಹಂಚಿನ ಮುಂದೆ, ಗಂಗಾವತಿ

ಧಾರಾಳವಾಗಿ ಬನ್ನಿ. ಆ ಹಸಿರು ಸಜ್ಜೆಯ ಕಾಳಿನಲ್ಲೇ ಇರುವುದು, ಹಂಚಿನದಲ್ಲ. ಬೀಸಿದ ಹಿಟ್ಟನ್ನು ಅಂಗೈ ಮೇಲೆ ಹಾಕಿಕೊಂಡು ಬಿಸಿಲಿಗೆ ಹಿಡಿದರೆ ಗೊತ್ತಾಗುತ್ತದೆ. ಹಿಟ್ಟು ಹೊಸದಾಗಿರಬೇಕು, ಸಜ್ಜೆ ಹಿಟ್ಟು ಹಳತಾದರೆ ಕಹಿಯಾಗುತ್ತದೆ, ಆದ್ದರಿಂದ ನೀವು ಬರುವ ಹಿಂದಿನ ದಿನ ಬೀಸಿಸಿ ಇಡುತ್ತೇನೆ. ಬೆಳಿಗ್ಗೆ ಬೇಗ ಬರಬೇಕು, ಬಿಸಿಲೇರಿದ ಮೇಲೆ ನಮ್ಮ ಅಡುಗೆಮನೆಯಲ್ಲಿ ಒಲೆಯ ಮುಂದೆ ಹೊಸಬರು ಕೂರಲಾರರು. ಬಣ್ಣವನ್ನು ಮೊದಲೇ ಕಲಸಿ ಸಿದ್ಧವಾಗಿಟ್ಟುಕೊಳ್ಳಿ, ಏಕೆಂದರೆ ಮೆತ್ತಗಿನ ಬಿಸಿ ರೊಟ್ಟಿ ಆರುತ್ತಿದ್ದಂತೆ ಮೇಲಿನ ತೇವ ಹೋಗಿ ಬಣ್ಣ ಒಂದು ಮೆಟ್ಟಿಲು ಇಳಿಯುತ್ತದೆ. ನೀವು ನೋಡುತ್ತ ಕೂತರೆ ಮನೆಯ ಹುಡುಗರು ಅದನ್ನು ಬೆಣ್ಣೆ ಹಚ್ಚಿ ತಿಂದು ಮುಗಿಸುತ್ತಾರೆ. ಕೋಟೆ ಕೆಳಗಿನವರೂ ಕ್ಯಾಮೆರಾ ತೆಗೆದುಕೊಂಡು ಬರಲಿ. ಕೈಗಳು ಬೇಕೆಂದರಲ್ಲ, ಇಲ್ಲಿ ಅತ್ತೆಯವರದು, ನನ್ನದು, ಮಗಳದು ಎಲ್ಲವೂ ಇವೆ. ಆದರೆ ಅತ್ತೆಯವರನ್ನು ಮೊದಲು ಕೇಳಿ ತೆಗೆಯಬೇಕು.